ಹತ್ತೊಂಬತ್ತು ಪಾಸ್‌ಪೋರ್ಟುಗಳ ಬಾಲಿ ಯಾತ್ರೆ

ಉಡುಪಿಯಿಂದ ಬಾಲಿಗೆ ಹೊರಟ ನಮ್ಮ ತಂಡದಲ್ಲಿ 19 ಜನರಿದ್ದೆವು. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಮತ್ತು ನಮ್ಮದು ಎಂದು ನಾಲ್ಕು ಸಂಸಾರ. ಏಳು ಮಕ್ಕಳು, 74 ವರ್ಷದ ನನ್ನ ಅಮ್ಮ, 79ರ ದೊಡ್ಡಪ್ಪ. ಲೆಕ್ಕ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದ್ದರಿಂದ ಮೊದಲ ಗಂಡಾಂತರ ಕಣ್ಣಿಗೆ ಬಿದ್ದದ್ದೂ ನನಗೇ. ಇಂಡೊನೇಷ್ಯಾಕ್ಕೆ ಕಾಲಿಡುವ ದಿನ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ದೊಡ್ಡವರ ಪಾಸ್‌ಪೋರ್ಟು 10 ವರ್ಷ ಬಾಳಿದರೆ ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ. ನಾವು ಹೊರಡುವುದು ಮೇ ತಿಂಗಳಲ್ಲಿ, ಅತ್ತೆಯ ಮೊಮ್ಮಗಳ ಪಾಸ್‌ಪೋರ್ಟು ಮುಗಿಯುವುದು ಸೆಪ್ಟೆಂಬರಿನಲ್ಲಿ. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಮಗುವನ್ನು ಕರೆದೊಯ್ದು ಹೊಸದು ಕೈಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿದೆವು.

ಮಂಗಳೂರಿನಿಂದ ಬಾಲಿಗೆ ನೇರ ವಿಮಾನವಿಲ್ಲದ ಕಾರಣ ಇಂದ್ರಾಳಿ ನಿಲ್ದಾಣದಲ್ಲಿ ಪಂಚಗಂಗಾ ರೈಲು ಹತ್ತಿ, ಬೆಂಗಳೂರಿನಲ್ಲಿ ವಿಮಾನ ಹಿಡಿದು, ಸುಮಾರು ಏಳು ಗಂಟೆ ಹಾರಿ ಡೆನ್‌ಪಸಾರ್‌ನಲ್ಲಿ ಇಳಿದೆವು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ವೀಸಾಕ್ಕೆ ತಲೆಗೆ 5 ಲಕ್ಷ ರೂಪಿಯಾ. 2024ರ ಫೆಬ್ರವರಿಯಿಂದ ಜಾರಿಗೆ ಬಂದ ಪ್ರವಾಸಿ ಸುಂಕ 1.5 ಲಕ್ಷ, ಕಂಕುಳಲ್ಲಿ ನಿದ್ದೆಹೋದ ಕೂಸಿಗೂ ರಿಯಾಯಿತಿಯಿಲ್ಲ. ನನ್ನ ಪುಸ್ತಕದ ಮೊದಲ ಪುಟದಲ್ಲಿಯೇ 1 ಕೋಟಿ 23 ಲಕ್ಷದ 50 ಸಾವಿರ ರೂಪಿಯಾ ಖರ್ಚು ಬಿತ್ತು. ಅದು ನಮ್ಮ ಸುಮಾರು 65 ಸಾವಿರ ರೂಪಾಯಿ ಎಂದು ತಿಳಿಸಿ ಹೇಳುವವರೆಗೆ ದೊಡ್ಡಪ್ಪ ಅಲ್ಲಿಯೇ ಒಂದು ಬೆಂಚು ಹಿಡಿದು ಕುಳಿತಿದ್ದರು.

ನಾವು ಸಾನೂರಿನಲ್ಲಿ ಒಂದೇ ದೊಡ್ಡ ಮನೆ ಹಿಡಿದು ಏಳೂ ದಿನ ಅಲ್ಲಿಯೇ ಉಳಿದೆವು. ಮಕ್ಕಳೊಂದಿಗೆ ಹೋಗುವವರು ಊರೂರು ಬದಲಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. 19 ಜನರ ಗಂಟುಮೂಟೆ ಕಟ್ಟುವುದಕ್ಕೇ ಅರ್ಧ ದಿನ ಬೇಕು. ಸಾನೂರಿನ ಕಡಲಿಗೆ ಅಡ್ಡಲಾಗಿ ಹವಳದ ದಿಬ್ಬವಿರುವುದರಿಂದ ದೊಡ್ಡ ತೆರೆಗಳೆಲ್ಲ ದೂರದಲ್ಲಿಯೇ ಒಡೆಯುತ್ತವೆ. ಇಳಿತದ ವೇಳೆ ಬಹುದೂರ ನಡೆದರೂ ನೀರು ಮೊಣಕಾಲು ದಾಟುವುದಿಲ್ಲ. ಮಲ್ಪೆಯಲ್ಲಿ ಮಕ್ಕಳ ಕೈ ಬಿಡಲು ಹೆದರುವ ಅತ್ತಿಗೆ ಇಲ್ಲಿ ಮರಳಿನ ಮೇಲೆ ಚಾಪೆ ಹಾಸಿ ನಿದ್ದೆಯನ್ನೇ ಮಾಡಿದರು. ಈ ಕರಾವಳಿ ಪೂರ್ವಕ್ಕೆ ಮುಖ ಮಾಡಿದೆ. ಸೂರ್ಯ ಕಡಲಿಗೆ ಇಳಿಯುವುದನ್ನಷ್ಟೇ ನೋಡಿ ಬೆಳೆದ ಮಕ್ಕಳು ಮೊದಲ ಬೆಳಿಗ್ಗೆ ಅವನು ಕಡಲಿನಿಂದ ಮೇಲೇಳುವುದನ್ನು ಕಂಡು ತಬ್ಬಿಬ್ಬಾದರು. ಆರು ವರ್ಷದವನಂತೂ ಇದು ಸಂಜೆಯೇ ಎಂದು ಹಟ ಹಿಡಿದು ತಿಂಡಿಗೆ ಬದಲು ಊಟ ಕೇಳಿದ.

ಅಮ್ಮನ ಪ್ರವಾಸವೇ ಬೇರೆ. ಆ ಮನೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ದಿನವೂ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಚನಾಂಗ್ ಸಾರಿ ಎಂಬ ನೈವೇದ್ಯದ ಪುಟ್ಟ ತಟ್ಟೆಗಳನ್ನು ಕಟ್ಟುತ್ತಿದ್ದಳು. ನಾವು ತಿರಿ ಎನ್ನುವ ತೆಂಗಿನ ಎಳೆಗರಿಯನ್ನು ಅಂಗೈಯಗಲಕ್ಕೆ ಚೌಕವಾಗಿ ಮಡಚಿ, ಮೂಲೆಗಳಿಗೆ ಬಿದಿರಿನ ಸಣ್ಣ ಕಡ್ಡಿ ಚುಚ್ಚಿ ನಿಲ್ಲಿಸಿ, ಒಳಗೆ ವೀಳ್ಯದೆಲೆ, ಅಡಕೆ, ಸುಣ್ಣದ ಸಣ್ಣ ಪೊಟ್ಟಣವಿಟ್ಟು, ಅದರ ಮೇಲೆ ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು ಹೂವನ್ನು ಜೋಡಿಸುತ್ತಾರೆ. ಒಳಗಿರುವುದು ತಾಂಬೂಲವೆಂದು ತಿಳಿದ ಕ್ಷಣದಿಂದ ಅಮ್ಮ ಆ ಜಗಲಿ ಬಿಟ್ಟು ಕದಲಲಿಲ್ಲ. ಅಷ್ಟಮಿಗೆ ಮೂಡೆ ಎಂಬ ಕಡುಬಿನ ಎಲೆ ಸುತ್ತಿ ಮುಳ್ಳು ಚುಚ್ಚಿ ಪಳಗಿದ ಕೈ. ಮೂರನೆಯ ದಿನಕ್ಕೆ ಅವರ ತಟ್ಟೆಗಳೂ ಆಕೆಯ ಬುಟ್ಟಿಯೊಳಗೆ ಸೇರಿ ಬಾಗಿಲು, ಅಡುಗೆಮನೆ, ಕಾರಿನ ಮುಂಭಾಗಗಳಿಗೆ ಹೋದವು. ಇಬ್ಬರಿಗೂ ಪರಸ್ಪರರ ಭಾಷೆಯ ಒಂದು ಶಬ್ದವೂ ಬರುತ್ತಿರಲಿಲ್ಲ, ಆದರೆ ಮಾತು ಮಾತ್ರ ಎಡೆಬಿಡದೆ ನಡೆಯುತ್ತಿತ್ತು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಬರೀ ತರಕಾರಿ ಎಂದು ತಂದಿಟ್ಟ ತಟ್ಟೆಯ ಸಂಬಲ್ ಚಟ್ನಿಯಲ್ಲಿಯೂ ತೆರಾಸಿ, ಅಂದರೆ ಸಿಗಡಿಯನ್ನು ಹುದುಗಿಸಿ ಅರೆದ ಮುದ್ದೆ, ಇರುವುದು ಸಾಮಾನ್ಯ. ಮೊದಲ ದಿನ ಚಿಕ್ಕಪ್ಪ ಅದನ್ನು ಹೊಗಳಿ ಎರಡನೆಯ ಬಾರಿ ಹಾಕಿಸಿಕೊಂಡರು. ನಿಜ ತಿಳಿದ ಮೇಲೆ ಎರಡು ದಿನ ಅವಲಕ್ಕಿ ಮತ್ತು ಮಿಡಿ ಉಪ್ಪಿನಕಾಯಿಯಲ್ಲಿಯೇ ಕಾಲ ಹಾಕಿದರು. ಅಕ್ಕಿಹಿಟ್ಟಿನ ಉಂಡೆಯೊಳಗೆ ಓಲೆಬೆಲ್ಲದ ಪಾಕ ತುಂಬಿ ತೆಂಗಿನ ತುರಿಯಲ್ಲಿ ಹೊರಳಿಸಿದ ಕ್ಲೆಪೊನ್ ಎಂಬ ಸಿಹಿ ಮಾತ್ರ ಎಲ್ಲರ ಜಗಳವನ್ನೂ ತಣಿಸಿತು.

ನೋಡಲೇಬೇಕಾದ ಜಾಗಗಳ ಪಟ್ಟಿಯಲ್ಲಿ ಮುಕ್ಕಾಲು ಪಾಲನ್ನು ಮೂರನೆಯ ದಿನವೇ ಹೊಡೆದು ಹಾಕಿದೆವು. ಉಬುದ್ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡದ್ದನ್ನು ಬರೆದು ಫಲವಿಲ್ಲ. ಆದರೆ ಜತಿಲುವಿಹ್‌ನ ಗದ್ದೆಗಳನ್ನು ಬಿಡುವಂತಿರಲಿಲ್ಲ. ಸುಬಕ್ ಎಂಬ ರೈತರ ಕೂಟಗಳು ನೀರಿನ ದೇವಸ್ಥಾನಗಳ ಸುತ್ತ ಸೇರಿ ಯಾವ ಗದ್ದೆಗೆ ಯಾವಾಗ ನೀರು ಎಂದು ತೀರ್ಮಾನಿಸುವ ಈ ಪದ್ಧತಿಗೆ ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಮನ್ನಣೆ ನೀಡಿದೆ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದ ಕಾಲವನ್ನು ಕಂಡ ದೊಡ್ಡಪ್ಪನ ಪ್ರಶ್ನೆ ಒಂದೇ: ಮೇಲಿನ ಗದ್ದೆಯವ ಕೆಳಗಿನವನಿಗೆ ನೀರು ಬಿಡುತ್ತಾನೇಕೆ? ಅಕ್ಕಪಕ್ಕದವರೆಲ್ಲ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಕೀಟಗಳಿಗೆ ತಿನ್ನಲು ಸಿಗುವುದಿಲ್ಲ. ಕೆಳಗಿನವನು ನೀರಿಲ್ಲದೆ ಹೊತ್ತು ತಪ್ಪಿ ಬಿತ್ತಿದರೆ ಅವನ ಕೀಟ ಮೇಲಿನವನ ಪೈರಿಗೂ ಏರುತ್ತದೆ ಎಂದು ಮಾರ್ಗದರ್ಶಿ ವಿವರಿಸಿದ. ನಮ್ಮ ತೋಡಿನ ಜಗಳದ ಎರಡು ತಲೆಮಾರು ನೆನಪಿರುವ ದೊಡ್ಡಪ್ಪ ಬಹಳ ಹೊತ್ತು ಬದುವಿನ ಮೇಲೆ ನಿಂತೇ ಇದ್ದರು.

ಉಲುವಾಟುವಿನ ಬಂಡೆಯ ಅಂಚಿನಲ್ಲಿ ಸಂಜೆ ಕೆಚಕ್ ನೋಡಿದೆವು. ಹತ್ತಾರು ಗಂಡಸರು ವೃತ್ತವಾಗಿ ಕುಳಿತು, ಒಂದು ವಾದ್ಯವೂ ಇಲ್ಲದೆ, ಚಕ್ ಚಕ್ ಎಂಬ ಉದ್ಗಾರದಿಂದಲೇ ರಾಮಾಯಣವನ್ನು ನಡೆಸುತ್ತಾರೆ. ಹವ್ಯಾಸಿ ಯಕ್ಷಗಾನ ವೇಷಧಾರಿಯಾದ ಚಿಕ್ಕಪ್ಪ ಮೊದಲು ಚೆಂಡೆಯಿಲ್ಲದ ಹನುಮಂತನನ್ನು ಒಪ್ಪಲಿಲ್ಲ. ಬೆಂಕಿಯ ಪ್ರಸಂಗ ಬರುವ ಹೊತ್ತಿಗೆ ಅವರ ಪಾದ ತಾನಾಗಿ ತಾಳ ಹಾಕುತ್ತಿತ್ತು. ಮಕ್ಕಳಿಗೆ ನೆನಪಿರುವುದು ಅದಕ್ಕೂ ಮೊದಲಿನ ನಿಜವಾದ ಕಪಿ. ಅಲ್ಲಿನ ಮಂಗಗಳು ವಸ್ತು ಕಿತ್ತುಕೊಂಡು, ತಿನ್ನಲು ಕೊಟ್ಟರೆ ಮಾತ್ರ ಹಿಂತಿರುಗಿಸುವ ವ್ಯಾಪಾರ ಕಲಿತಿವೆ. ಒಂದು ಮಂಗ ದೊಡ್ಡಪ್ಪನ ಕನ್ನಡಕ ಹಿಡಿದು ಗೋಡೆಯೇರಿ, ಮೊದಲು ಎಸೆದ ಹಣ್ಣನ್ನು ತಿಂದೂ ಬಿಡದೆ, ಎರಡನೆಯದಕ್ಕೆ ಕನ್ನಡಕವನ್ನು ಕೈಬಿಟ್ಟಿತು. ಹಣ್ಣು ಎಸೆದ ಸ್ಥಳೀಯನ ಕೈಗೆ ನಾನು 50 ಸಾವಿರ ರೂಪಿಯಾ ಇಟ್ಟೆ.

ಉಡುಪಿಗೆ ಮರಳಿ ನಾಲ್ಕೂ ಮನೆಯವರು ಕುಳಿತು ಲೆಕ್ಕ ಚುಕ್ತಾ ಮಾಡಿದೆವು. ಆ 50 ಸಾವಿರವನ್ನು ಮಾತ್ರ ಇನ್ನೂ ಯಾರ ಬಾಬ್ತಿಗೂ ಹಾಕಿಲ್ಲ. ಅದು ಎಲ್ಲರೂ ನೋಡಿ ನಕ್ಕ ಆಟದ ಟಿಕೆಟ್ಟು, 19 ಪಾಲಾಗಬೇಕು ಎಂದು ದೊಡ್ಡಪ್ಪ ವಾದಿಸುತ್ತಿದ್ದಾರೆ.