ಎಂಪಿಯನ್ನು ಮನೆಗೆ ಕಳಿಸಲು ನೂರಕ್ಕೆ ಹತ್ತು ಸಹಿ

2012ರ ನವೆಂಬರ್ 15. ವೇಲ್ಸ್‌ನ ನ್ಯೂಪೋರ್ಟ್ ಊರಿನ ಬೆಟೂಸ್ ಬಡಾವಣೆಯ ಒಂದು ಮತಗಟ್ಟೆ. ಬೆಳಗ್ಗೆ 7ಕ್ಕೆ ಬಾಗಿಲು ತೆಗೆದರು, ರಾತ್ರಿ 10ಕ್ಕೆ ಮುಚ್ಚಿದರು. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ವೋಟು ಬೀಳಲಿಲ್ಲ. ಅವತ್ತು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರ ಮೇಲೆ ಉಸ್ತುವಾರಿ ಮಾಡುವ ಕಮಿಷನರ್ ಹುದ್ದೆಗಳಿಗೆ ಮೊದಲ ಚುನಾವಣೆ. ಒಟ್ಟು ಮತದಾನವೇ ಶೇ 15ರ ಆಸುಪಾಸು. ಆದರೆ ಆ ಭಾಗಕ್ಕೆ ಕಮಿಷನರ್ ಬಾರದೆ ಉಳಿಯಲಿಲ್ಲ. ಎಣಿಕೆ ಆಯಿತು, ಒಬ್ಬರು ಗೆದ್ದರು, ಕುರ್ಚಿ ಹತ್ತಿದರು. ಇಷ್ಟಾದರೂ ಜನ ಬರಬೇಕು, ಇಲ್ಲದಿದ್ದರೆ ಚುನಾವಣೆ ರದ್ದು ಅನ್ನುವ ನಿಯಮ ಬ್ರಿಟನ್ನಿನಲ್ಲಿ ಇಲ್ಲ.

‘ಎಲ್ಲ ಪಕ್ಷವೂ ಒಂದೇ, ಯಾರಿಗೂ ಹಾಕಲ್ಲ’ ಅನ್ನುವವರು ಈ ಖಾಲಿ ಪೆಟ್ಟಿಗೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಅಂಥವರು ಕಮ್ಮಿ ಇಲ್ಲ. ಸರ್ಕಾರ ಯಾವ ಪಕ್ಷದ್ದೇ ಆಗಲಿ, ಪಕ್ಷಕ್ಕಿಂತ ದೇಶವನ್ನು ಮುಂದೆ ಇಡುತ್ತದೆ ಎಂಬ ನಂಬಿಕೆ ‘ಬಹುತೇಕ ಯಾವತ್ತೂ ಇಲ್ಲ’ ಎಂದವರು 2023ರ ಬ್ರಿಟಿಷ್ ಸೋಶಿಯಲ್ ಆಟಿಟ್ಯೂಡ್ಸ್ ಸಮೀಕ್ಷೆಯಲ್ಲಿ ಶೇ 45. ಮರುವರ್ಷ, 2024ರ ಜುಲೈ 4ರ ಚುನಾವಣೆಯಲ್ಲಿ ವೋಟು ಹಾಕಿದವರು ಶೇ 59.7. ಅದರಲ್ಲಿ ಲೇಬರ್ ಪಕ್ಷಕ್ಕೆ ಬಿದ್ದದ್ದು ಶೇ 33.7, ಸಿಕ್ಕ ಸೀಟು 650ರಲ್ಲಿ 411. ಗುಣಿಸಿ ನೋಡಿ: ಪಟ್ಟಿಯಲ್ಲಿರುವ ನೂರು ಮತದಾರರಲ್ಲಿ ಇಪ್ಪತ್ತು ಜನ ಒತ್ತಿದ್ದಕ್ಕೆ ಭಾರಿ ಬಹುಮತ. ಮನೆಯಲ್ಲೇ ಉಳಿದ ನಲವತ್ತು ಜನರ ಸಿಟ್ಟು ಎಲ್ಲೂ ದಾಖಲಾಗಲಿಲ್ಲ.

ಪಕ್ಷದ ಮೇಲಿನ ಸಿಟ್ಟಿಗೆ ಐದು ವರ್ಷ ಕಾಯಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ನಿಮ್ಮ ಕ್ಷೇತ್ರದ ಎಂಪಿಯೇ ಕೆಟ್ಟದಾಗಿ ನಡೆದುಕೊಂಡರೆ ಮಾತ್ರ ಕೈಗೆ ಸಿಗುವ ಹಿಡಿಕೆ ಒಂದಿದೆ. ಅದರ ಹೆಸರು ರೀಕಾಲ್ ಪಿಟಿಷನ್, ಅಂದರೆ ಮತದಾರರು ಸಹಿ ಹಾಕಿ ಎಂಪಿಯನ್ನು ವಾಪಸ್ ಕರೆಸುವ ಅರ್ಜಿ.

ಇದರ ಬೇರು 2009ರ ಭತ್ಯೆ ಹಗರಣದಲ್ಲಿದೆ. ಮೇ ತಿಂಗಳಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆ ದಿನಕ್ಕಿಷ್ಟು ಅಂತ ಸಂಸದರ ಬಿಲ್ಲುಗಳನ್ನು ಬಿಚ್ಚಿಡುತ್ತಾ ಹೋಯಿತು. ಒಬ್ಬರು ಮನೆ ಸುತ್ತಲಿನ ಕಂದಕದ ಹೂಳೆತ್ತಿಸಿದ ಖರ್ಚು ತೋರಿಸಿದ್ದರು. ಇನ್ನೊಬ್ಬರು ಕೊಳದಲ್ಲಿ ಬಾತುಕೋಳಿಗಳಿಗೆ ತೇಲುವ ಮನೆ ಕಟ್ಟಿಸಿ 1,645 ಪೌಂಡ್ ಕೇಳಿದ್ದರು. (ತಮಾಷೆ ಎಂದರೆ ಬಾತುಕೋಳಿ ಮನೆಯ ದುಡ್ಡನ್ನು ಪಾರ್ಲಿಮೆಂಟಿನ ಭತ್ಯೆ ಕಚೇರಿಯವರು ಕೊಟ್ಟಿರಲೇ ಇಲ್ಲ. ಆದರೂ ಇಡೀ ಹಗರಣಕ್ಕೆ ಅದೇ ಲಾಂಛನವಾಯಿತು.) ಸ್ಪೀಕರ್ ಮೈಕೆಲ್ ಮಾರ್ಟಿನ್ ಹುದ್ದೆ ಬಿಡಬೇಕಾಯಿತು, ಕೆಲವರು ಜೈಲಿಗೂ ಹೋದರು. 2010ರ ಚುನಾವಣೆಗೆ ಮೂರು ದೊಡ್ಡ ಪಕ್ಷಗಳೂ ‘ವಾಪಸ್ ಕರೆಸುವ ಹಕ್ಕು ಕೊಡುತ್ತೇವೆ’ ಅಂದವು. ಕಾಯ್ದೆ ಬಂದದ್ದು 2015ರಲ್ಲಿ, ಅದೂ ಹಲ್ಲು ಅರ್ಧ ಕಿತ್ತು. ಜನರೇ ನೇರವಾಗಿ ಪಿಟಿಷನ್ ಆರಂಭಿಸಲಿ ಎಂಬ ತಿದ್ದುಪಡಿಯನ್ನು ಸಂಸದರು ಬಹುಮತದಿಂದ ತಳ್ಳಿಹಾಕಿದ್ದರು.

ಹಾಗಾಗಿ ಮತದಾರ ಎಷ್ಟೇ ಕೂಗಿದರೂ ಪಿಟಿಷನ್ ತೆರೆಯುವುದಿಲ್ಲ. ಮೂರರಲ್ಲಿ ಒಂದು ಆಗಿರಬೇಕು. ಒಂದು, ಎಂಪಿಗೆ ಜೈಲು ಶಿಕ್ಷೆ ಆಗಿ ಮೇಲ್ಮನವಿಯೂ ಮುಗಿದಿರಬೇಕು. ಅಮಾನತಿನಲ್ಲಿಟ್ಟ ಶಿಕ್ಷೆಯಾದರೂ ಸರಿ. ಒಂದು ವರ್ಷ ಮೀರಿದ ಜೈಲುವಾಸವಾದರೆ ಪಿಟಿಷನ್ನೇ ಬೇಡ, ಸೀಟು ತಾನಾಗಿಯೇ ಹೋಗುತ್ತದೆ. ಎರಡು, ಸಂಸದರ ನಡತೆ ವಿಚಾರಿಸುವ ಸ್ಟ್ಯಾಂಡರ್ಡ್ಸ್ ಸಮಿತಿಯ ವರದಿಯ ಮೇಲೆ ಸದನ ಅವರನ್ನು ಕನಿಷ್ಠ 10 ಕಲಾಪದ ದಿನ, ಅಥವಾ 14 ದಿನ ಹೊರಗಿಟ್ಟಿರಬೇಕು. ಮೂರು, ಭತ್ಯೆಗೆ ಸುಳ್ಳು ಲೆಕ್ಕ ಕೊಟ್ಟ ಅಪರಾಧ ಸಾಬೀತಾಗಿರಬೇಕು. ಇದಕ್ಕೆ ಜೈಲಾಗಬೇಕೆಂದಿಲ್ಲ, ದಂಡ ಬಿದ್ದರೂ ಸಾಕು. ವೇಲ್ಸ್‌ನ ಬ್ರೆಕನ್ ಮತ್ತು ರಾಡ್ನರ್‌ಶೈರ್ ಎಂಪಿ ಕ್ರಿಸ್ ಡೇವೀಸ್ ಸಿಕ್ಕಿಬಿದ್ದದ್ದು ಹೀಗೆ: ಕಚೇರಿಗೆ ಕೊಂಡ 700 ಪೌಂಡ್‌ನ ಫೋಟೊಗಳಿಗೆ ಸುಳ್ಳು ಬಿಲ್ ಮಾಡಿದ್ದರು.

ಪಕ್ಷ ಬಿಟ್ಟು ಪಕ್ಷ ಹಾರಿದ್ದು, ಮಾತು ಕೊಟ್ಟು ತಪ್ಪಿದ್ದು, ಕ್ಷೇತ್ರಕ್ಕೆ ಮುಖ ತೋರಿಸದ್ದು, ಇಮೇಲಿಗೆ ಉತ್ತರಿಸದ್ದು ಯಾವುದೂ ಈ ಪಟ್ಟಿಯಲ್ಲಿ ಇಲ್ಲ. ಭಾರತದ ಪಕ್ಷಾಂತರ ನಿಷೇಧದಂಥ ಕಾಯ್ದೆಯೂ ಅಲ್ಲಿಲ್ಲ. ಸಂಸದರ ಮೇಲಿನ ದೂರು ತನಿಖೆ ಮಾಡುವ ಸ್ಟ್ಯಾಂಡರ್ಡ್ಸ್ ಕಮಿಷನರ್‌ಗೆ ದೂರು ಕೊಡಬಹುದು, ಆದರೆ ಯಾವ ನಿಯಮ ಮುರಿದಿದ್ದಾರೆ, ಸಾಕ್ಷಿ ಏನು ಎಂಬುದು ಅದರಲ್ಲಿರಬೇಕು. ‘ನನ್ನ ಕೆಲಸ ಮಾಡಿಕೊಡಲಿಲ್ಲ’ ಅಂತ ಬರೆದರೆ ಕಾಗದ ವಾಪಸ್ ಬರುತ್ತದೆ. ಮೊದಲು ಸಂಸದರ ಹಣಕಾಸು ಹಿತಾಸಕ್ತಿ ರಿಜಿಸ್ಟರ್ ತೆರೆದು ನೋಡಿ. ಅದು ಇಂಟರ್ನೆಟ್ಟಿನಲ್ಲೇ ಇದೆ. 300 ಪೌಂಡ್ ಮೀರಿದ ಉಡುಗೊರೆ, ಪುಕ್ಕಟೆ ಪ್ರವಾಸ ಎಲ್ಲವನ್ನೂ 28 ದಿನದೊಳಗೆ ಬರೆಸಬೇಕು. ಗಟ್ಟಿಯಾದ ದೂರುಗಳು ಹುಟ್ಟುವುದು ಅಲ್ಲಿ ಬರೆಸದೆ ಬಿಟ್ಟ ಸಾಲುಗಳಿಂದ.

ದೂರು ನಿಂತರೆ ಸಮಿತಿಗೆ ಹೋಗುತ್ತದೆ. ಏಳು ಸಂಸದರು, ಏಳು ಹೊರಗಿನವರು. ಸಮಿತಿ ಶಿಫಾರಸು ಮಾಡಿದ ಮೇಲೂ ಸದನ ಮತ ಹಾಕಿ ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಲ್ಲಿಗೇ. 2021ರ ಅಕ್ಟೋಬರ್‌ನಲ್ಲಿ ಆಳುವ ಕನ್ಸರ್ವೇಟಿವ್ ಪಕ್ಷದ ಎಂಪಿ ಓವೆನ್ ಪ್ಯಾಟರ್ಸನ್‌ಗೆ 30 ದಿನ ಅಮಾನತು ಎಂದು ಸಮಿತಿ ಹೇಳಿತು. ನವೆಂಬರ್‌ನಲ್ಲಿ ಆಳುವ ಪಕ್ಷ ಶಿಕ್ಷೆ ತಡೆದು, ನಿಯಮವನ್ನೇ ಬದಲಿಸೋಣ ಎಂದು 250ಕ್ಕೆ 232 ಮತಗಳಿಂದ ಗೆದ್ದೂಬಿಟ್ಟಿತು. ಬೈಗುಳ ಎಷ್ಟು ಬಿತ್ತೆಂದರೆ ಮಾರನೇ ದಿನವೇ ಸರ್ಕಾರ ಹಿಂದೆ ಸರಿಯಿತು, ಪ್ಯಾಟರ್ಸನ್ ರಾಜೀನಾಮೆ ಕೊಟ್ಟರು. 22,949 ಮತಗಳ ಅಂತರವಿದ್ದ ಆ ನಾರ್ತ್ ಶ್ರಾಪ್‌ಶೈರ್ ಸೀಟನ್ನು ಡಿಸೆಂಬರ್‌ನಲ್ಲಿ ಲಿಬರಲ್ ಡೆಮಾಕ್ರಾಟರು 5,925 ಮತಗಳಿಂದ ಕಿತ್ತುಕೊಂಡರು.

ಇಷ್ಟೆಲ್ಲ ದಾಟಿದ ಮೇಲೆ ಮತದಾರನ ಸರದಿ. ಸ್ಪೀಕರ್ ನೋಟಿಸ್ ಕೊಡುತ್ತಾರೆ, ಸ್ಥಳೀಯ ಪಿಟಿಷನ್ ಅಧಿಕಾರಿ ಸಹಿ ಕೇಂದ್ರ ತೆರೆಯುತ್ತಾರೆ. ಅವಧಿ 6 ವಾರ. ಕ್ಷೇತ್ರದ ಮತದಾರರಲ್ಲಿ ಶೇ 10 ಮಂದಿ ಸಹಿ ಹಾಕಿದರೆ ಸೀಟು ಖಾಲಿ. ಮೊದಲ ವಾರದಲ್ಲೇ ಶೇ 10 ದಾಟಿದರೂ ಆರು ವಾರ ನಡೆಯಲೇಬೇಕು, ನಡುವೆ ಲೆಕ್ಕ ಹೊರಗೆ ಬಿಡುವಂತಿಲ್ಲ. ಕೇಂದ್ರಗಳು ಗರಿಷ್ಠ 10. ‘ಗರಿಷ್ಠ’ ಅನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ.

ಉತ್ತರ ಐರ್ಲೆಂಡಿನ ನಾರ್ತ್ ಆಂಟ್ರಿಮ್ ನೋಡಿ. ಈ ಕಾಯ್ದೆಯ ಮೊದಲ ಪ್ರಯೋಗ ನಡೆದದ್ದು ಅಲ್ಲೇ, 2018ರ ಆಗಸ್ಟ್ 8ರಿಂದ. ಅಲ್ಲಿನ ಎಂಪಿ ಇಯಾನ್ ಪೇಸ್ಲಿ ಶ್ರೀಲಂಕಾ ಸರ್ಕಾರದ ಖರ್ಚಿನಲ್ಲಿ ಎರಡು ಸಲ ಕುಟುಂಬ ಸಮೇತ ರಜೆಗೆ ಹೋಗಿಬಂದು, ಅದನ್ನು ಬರೆಸದೆ, ಆಮೇಲೆ ಅದೇ ಸರ್ಕಾರದ ಪರವಾಗಿ ಪ್ರಧಾನಿಗೆ ಪತ್ರ ಬರೆದಿದ್ದರು. 30 ಕಲಾಪದ ದಿನಗಳ ಅಮಾನತು. ಬೇಕಾಗಿದ್ದ ಸಹಿ 7,543. ಹತ್ತು ಕೇಂದ್ರಗಳಿಗೆ ಅವಕಾಶವಿದ್ದರೂ ತೆರೆದದ್ದು ಮೂರು: ಬ್ಯಾಲಿಮೀನಾ, ಬ್ಯಾಲಿಮನಿ, ಬ್ಯಾಲಿಕ್ಯಾಸಲ್. ಹಳ್ಳಿಗಾಡಿನ ಕ್ಷೇತ್ರ, ಅದೂ ತಂದೆಯ ಕಾಲದಿಂದ ಅದೇ ಮನೆತನದ ಕೈಯಲ್ಲಿದ್ದದ್ದು. ಬಿದ್ದ ಸಹಿ 7,099. ಬರೀ 444 ಕಡಿಮೆ. ಇನ್ನೊಂದೆರಡು ಊರಿನಲ್ಲಿ ಮೇಜು ಹಾಕಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು ಅನ್ನುವುದು ನನ್ನ ಅನುಮಾನ. ಪೇಸ್ಲಿ ಉಳಿದರು, 2019ರಲ್ಲಿ ಮತ್ತೆ ಗೆದ್ದರು, 2024ರಲ್ಲಿ ಸೋತರು. ಸೋಲಿನ ಅಂತರ 450.

ಕೇಂದ್ರಗಳ ಸಂಖ್ಯೆಯಷ್ಟೇ ಕಾಡುವ ಇನ್ನೊಂದು ಕೊರತೆ ಗುಟ್ಟಿನದು. ಸಹಿ ಹಾಳೆಯಲ್ಲಿ ‘ಬೇಡ, ಇವರೇ ಇರಲಿ’ ಅನ್ನುವ ಆಯ್ಕೆ ಇಲ್ಲ. ಕೇಂದ್ರದೊಳಗೆ ಹೋದಿರಿ ಅಂದರೆ ಎಂಪಿಗೆ ವಿರುದ್ಧ ಅಂತ ಎದುರು ಅಂಗಡಿಯವನಿಗೂ ಗೊತ್ತಾಗುತ್ತದೆ. ಸಣ್ಣ ಊರಿನಲ್ಲಿ ಇದು ಹುಡುಗಾಟವಲ್ಲ. ಮುಜುಗರ ಇರುವವರು ಅಂಚೆ ಮೂಲಕ ಸಹಿ ಮಾಡಲು ಅರ್ಜಿ ಹಾಕುವುದೇ ವಾಸಿ. ಕೆಲಸಕ್ಕೆ ಹೋಗುವವರಿಗೂ ಅದೇ ಅನುಕೂಲ, ಏಕೆಂದರೆ ಕೇಂದ್ರಗಳು ಮಾಮೂಲಿಯಾಗಿ ತೆರೆದಿರುವುದು ಕೆಲಸದ ದಿನಗಳಲ್ಲಿ 9ರಿಂದ 5.

ಇನ್ನು ತಪ್ಪಿಸಿಕೊಳ್ಳುವ ಕಲೆ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ. 2021ರಲ್ಲಿ ಡೆಲಿನ್ ಎಂಪಿ ರಾಬ್ ರಾಬರ್ಟ್ಸ್‌ಗೆ ಲೈಂಗಿಕ ದುರ್ವರ್ತನೆಗಾಗಿ 6 ವಾರ ಅಮಾನತಾಯಿತು. ಶಿಫಾರಸು ಮಾಡಿದ್ದು ಸ್ಟ್ಯಾಂಡರ್ಡ್ಸ್ ಸಮಿತಿಯಲ್ಲ, ಹೊಸದಾಗಿ ರಚಿಸಿದ್ದ ತಜ್ಞರ ಪ್ಯಾನೆಲ್. ಕಾಯ್ದೆಯಲ್ಲಿ ಪ್ಯಾನೆಲ್ ಹೆಸರಿಲ್ಲ, ಹಾಗಾಗಿ ಪಿಟಿಷನ್ನೂ ಇಲ್ಲ. ತೂತು ಮುಚ್ಚಿದರು, ಆದರೆ ಅವರಿಗೆ ಅನ್ವಯಿಸದ ಹಾಗೆ.

ಲೆಸ್ಟರ್ ಈಸ್ಟ್ ಕಥೆ ಇನ್ನೂ ಸೊಗಸು. ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರ. 1987ರಿಂದ ಎಂಪಿಯಾಗಿದ್ದ ಕೀತ್ ವಾಜ್‌ರನ್ನು 2019ರ ಅಕ್ಟೋಬರ್ 31ರಂದು 6 ತಿಂಗಳು ಹೊರಗಿಟ್ಟರು. ಅಷ್ಟು ದೊಡ್ಡ ಶಿಕ್ಷೆ, ಆದರೆ ಡಿಸೆಂಬರ್ 12ಕ್ಕೆ ಸಾರ್ವತ್ರಿಕ ಚುನಾವಣೆ ನಿಗದಿಯಾಗಿತ್ತು. ಚುನಾವಣೆ ಹತ್ತಿರವಿದ್ದರೆ ರೀಕಾಲ್ ನಡೆಯುವುದಿಲ್ಲ. ಅವರ ಜಾಗಕ್ಕೆ ಅದೇ ಲೇಬರ್ ಪಕ್ಷದಿಂದ ಬಂದವರು ಕ್ಲಾಡಿಯಾ ವೆಬ್. 2021ರಲ್ಲಿ ಒಬ್ಬ ಮಹಿಳೆಗೆ ಕಿರುಕುಳ ಕೊಟ್ಟ ಪ್ರಕರಣದಲ್ಲಿ ಅವರಿಗೆ ಅಮಾನತಿನಲ್ಲಿಟ್ಟ 10 ವಾರಗಳ ಜೈಲು ಶಿಕ್ಷೆಯಾಯಿತು. ಪಕ್ಷ ಉಚ್ಚಾಟಿಸಿತು. ಪಿಟಿಷನ್ ಖಾತ್ರಿ ಅಂದುಕೊಳ್ಳುವಾಗ, 2022ರ ಮೇಲ್ಮನವಿಯಲ್ಲಿ ಅಪರಾಧ ಖಾಯಂ ಆದರೂ ಶಿಕ್ಷೆ 80 ಗಂಟೆಗಳ ಸಮುದಾಯ ಸೇವೆಗೆ ಇಳಿಯಿತು. ಜೈಲು ಹೋಯಿತು, ಜೊತೆಗೆ ಪಿಟಿಷನ್ನೂ ಹೋಯಿತು. ಹೀಗೆ ಒಂದೇ ಊರಿನ ಮತದಾರರ ಕೈಗೆ ಬರಬೇಕಿದ್ದ ಸಹಿ ಹಾಳೆ ಎರಡು ಸಲ ತಪ್ಪಿತು. 2024ರಲ್ಲಿ ಇಬ್ಬರೂ ಅಲ್ಲೇ ಮತ್ತೆ ನಿಂತರು, ವೆಬ್ ಪಕ್ಷೇತರರಾಗಿ, ವಾಜ್ ಬೇರೆ ಪಕ್ಷದಿಂದ. ಇಬ್ಬರೂ ಸೇರಿ ಸುಮಾರು 9,200 ಮತ ಪಡೆದರು. ಕನ್ಸರ್ವೇಟಿವ್‌ನ ಶಿವಾನಿ ರಾಜಾ 4,426 ಅಂತರದಲ್ಲಿ ಗೆದ್ದರು. ದೇಶವಿಡೀ ಮಕಾಡೆ ಮಲಗಿದ್ದ ಆ ಪಕ್ಷ ಹೊಸದಾಗಿ ಗಳಿಸಿದ ಸೀಟು ಅದೊಂದೇ.

ಪಿಟಿಷನ್ ಗೆದ್ದರೂ ಎಂಪಿಯ ಕಥೆ ಅಲ್ಲಿಗೆ ಮುಗಿಯದು, ಉಪಚುನಾವಣೆಗೆ ಅವರೇ ಮತ್ತೆ ನಿಲ್ಲಬಹುದು. ಬ್ರೆಕನ್‌ನಲ್ಲಿ 10,005 ಜನ ಸಹಿ ಹಾಕಿ ಕೆಳಗಿಳಿಸಿದ ಡೇವೀಸ್‌ರನ್ನೇ ಪಕ್ಷ ಮತ್ತೆ ನಿಲ್ಲಿಸಿತು. 1,425 ಮತಗಳಿಂದ ಸೋತರು. ಹೆಚ್ಚಿನವರು ಅಷ್ಟು ಮುಂದೆ ಹೋಗದೆ ಮೊದಲೇ ರಾಜೀನಾಮೆ ಕೊಡುತ್ತಾರೆ. ಹಾಗೆ ನಡೆದದ್ದು ರಂಕಾರ್ನ್ ಮತ್ತು ಹೆಲ್ಸ್‌ಬಿ ಕ್ಷೇತ್ರದಲ್ಲಿ. ಮತದಾರನೊಬ್ಬನಿಗೆ ಹೊಡೆದು ಶಿಕ್ಷೆಯಾದ ಲೇಬರ್ ಎಂಪಿ ಜಾಗ ಬಿಟ್ಟರು. 2025ರ ಮೇ 1ರ ಉಪಚುನಾವಣೆಯಲ್ಲಿ ರಿಫಾರ್ಮ್ ಪಕ್ಷ ಗೆದ್ದದ್ದು 6 ಮತಗಳಿಂದ. 12,645ಕ್ಕೆ 12,639. ಅರ್ಧಕ್ಕಿಂತ ಹೆಚ್ಚು ಮತದಾರರು ಅವತ್ತು ಮನೆಯಲ್ಲಿದ್ದರು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಓದು, ಕೆಲಸ ಅಂತ ಬ್ರಿಟನ್ನಿನಲ್ಲಿರುವ ಕನ್ನಡಿಗರು ಇದೆಲ್ಲ ನಮಗ್ಯಾಕೆ ಅನ್ನಬೇಡಿ. ವೀಸಾ ಮೇಲೆ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗೆ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟಿದೆ, ಪಿಟಿಷನ್‌ಗೆ ಸಹಿ ಹಾಕುವ ಹಕ್ಕೂ ಇದೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹಿಡಿದು ಕೂತರೆ ಆನ್‌ಲೈನ್ ನೋಂದಣಿ ಐದಾರು ನಿಮಿಷದ ಕೆಲಸ. ಚುನಾವಣೆಗೆ 12 ಕೆಲಸದ ದಿನ ಮೊದಲೇ ಮುಗಿಸಬೇಕು. ಮನೆ ಬದಲಿಸಿದಾಗಲೆಲ್ಲ ಮತ್ತೆ ಮಾಡಬೇಕು, ತಪ್ಪುವುದು ಹೆಚ್ಚಾಗಿ ಇಲ್ಲೇ. ಹಗರಣ ಬಂದ ಮೇಲೆ ನೋಂದಾಯಿಸುತ್ತೇನೆ ಎಂದರೆ ಕೈತಪ್ಪೀತು. ಫೋಟೊ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಊರಿನ ವೋಟರ್ ಐಡಿ, ಆಧಾರ್ ನಡೆಯುವುದಿಲ್ಲ.

ಯಾರೂ ಬೇಡ ಎನಿಸಿದರೆ? ನಮ್ಮ 2013ರ ನೋಟಾದಂಥ ಗುಂಡಿ ಅಲ್ಲಿಲ್ಲ. ಇರುವುದು ಕಾಗದ ಮತ್ತು ಪೆನ್ಸಿಲ್. ಅಸಿಂಧು ಮತಗಳನ್ನು ಕಾರಣವಾರು ಎಣಿಸಿ ಫಲಿತಾಂಶದ ಜೊತೆ ಘೋಷಿಸುತ್ತಾರೆ. ಅನುಮಾನವಿರುವ ಪ್ರತಿ ಕಾಗದವನ್ನೂ ಅಭ್ಯರ್ಥಿಗಳ ಏಜೆಂಟರ ಮುಂದೆ ಹಿಡಿದು ತೀರ್ಮಾನಿಸುತ್ತಾರೆ, ಅಂದರೆ ಹಾಳೆಯ ಮೇಲೆ ಬರೆದ ಬೈಗುಳ ತಲುಪಬೇಕಾದವರ ಕಣ್ಣಿಗೆ ಬೀಳುವ ಸಾಧ್ಯತೆ ಚೆನ್ನಾಗಿದೆ. ಹಾಗೆ ಮಾಡುವುದಾದರೆ ಕಾಗದದ ಉದ್ದಕ್ಕೂ, ಎಲ್ಲ ಹೆಸರುಗಳ ಮೇಲೂ ಹಾಯುವಂತೆ ಗೀಟು ಎಳೆಯಿರಿ. ಒಂದೇ ಚೌಕದೊಳಗೆ ಏನನ್ನೂ ಗೀಚಬೇಡಿ. 2015ರಲ್ಲಿ ವೇಲ್ಸ್‌ನ ಮಾಂಟ್‌ಗೊಮೆರಿಶೈರ್‌ನಲ್ಲಿ ಒಬ್ಬ ಮತದಾರ ಕನ್ಸರ್ವೇಟಿವ್ ಅಭ್ಯರ್ಥಿಯ ಹೆಸರಿನ ಪಕ್ಕದ ಚೌಕದಲ್ಲಿ, ಗೆರೆ ಎಲ್ಲೂ ಆಚೀಚೆ ಹೋಗದಂತೆ, ಒಂದು ಅಶ್ಲೀಲ ಚಿತ್ರ ಬಿಡಿಸಿದ್ದ. ಚುನಾವಣಾಧಿಕಾರಿ ಅದನ್ನು ಪರಿಶೀಲಿಸಿ ಆ ಅಭ್ಯರ್ಥಿಗೆ ಬಿದ್ದ ಸಿಂಧು ಮತ ಎಂದು ಎಣಿಸಿದರು.