ಮೂರು ಕೂಡುವ ಜಾಗ

ಎಲೆಕ್ಟ್ರಾನ್ ಗನ್ನಿನ, ಅಂದರೆ ಎಲೆಕ್ಟ್ರಾನುಗಳ ಕಿರಣವನ್ನು ಹೊಮ್ಮಿಸುವ ಸಾಧನದ, ನಕ್ಷೆಯನ್ನು ಮೊದಲ ಸಲ ನೋಡುವವರ ಕಣ್ಣು ಕ್ಯಾಥೋಡಿನ ಕಡೆಗೇ ಹೋಗುತ್ತದೆ; ನನ್ನದೂ ಹೋಗಿತ್ತು. ಲೇಸರ್ ಬೆಳಕು ಬಿದ್ದು ಎಲೆಕ್ಟ್ರಾನುಗಳು ಹೊರಡುವುದು ಅಲ್ಲಿಂದಲೇ. ಆದರೆ ಗನ್ನು ಎಷ್ಟು ವೋಲ್ಟೇಜ್ ತಾಳಿಕೊಂಡೀತು ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಅದರ ಬೆನ್ನ ಹಿಂದೆ, ವಿದ್ಯುತ್ ಹರಿಯದಂತೆ ತಡೆಯುವ ಇನ್ಸುಲೇಟರಿನ ತುದಿಯಲ್ಲಿ.

ಕ್ಯಾಥೋಡನ್ನು ಹಿಡಿದಿರುವ ಲೋಹದ ಭಾಗವನ್ನು, ಅಂದರೆ ಎಲೆಕ್ಟ್ರೋಡನ್ನು, ದಪ್ಪ ಮಾಡಿದಷ್ಟೂ ಒಳ್ಳೆಯದೆಂದು ನಾನು ಬಹಳ ಕಾಲ ನಂಬಿದ್ದೆ. ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದಾಗ ಆ ನಂಬಿಕೆ ಬಿತ್ತು. 20 ಸೆಂ.ಮೀ. ತ್ರಿಜ್ಯದ ಗೋಳಾಕಾರದ ನಿರ್ವಾತ ಪಾತ್ರೆಯ ನಟ್ಟನಡುವೆ 200 ಕಿಲೋವೋಲ್ಟಿನ ಗೋಳವೊಂದಿದೆ ಎನ್ನಿ. ಅದರ ತ್ರಿಜ್ಯ 5 ಸೆಂ.ಮೀ. ಇದ್ದರೆ ಮೈಮೇಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 5.3 ಮೆಗಾವೋಲ್ಟ್, 15 ಸೆಂ.ಮೀ. ಇದ್ದರೂ ಅಷ್ಟೇ, ಏಕೆಂದರೆ ಆಗ ಗೋಡೆ ತೀರ ಹತ್ತಿರವಾಗುತ್ತದೆ. ಸರಿಯಾಗಿ ಅರ್ಧಕ್ಕೆ, ಅಂದರೆ 10 ಸೆಂ.ಮೀ.ಗೆ ಇಟ್ಟಾಗ ಅದು 4ಕ್ಕೆ ಇಳಿಯುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಿಜವಾದ ಗನ್ನುಗಳಲ್ಲಿ ಈ ಅಂಕಿಯನ್ನು ಸಾಮಾನ್ಯವಾಗಿ 10ರೊಳಗೆ ಹಿಡಿದಿಡಲು ನೋಡುತ್ತಾರೆ. ಕನ್ನಡಿಯಂತೆ ಉಜ್ಜಿದ ಲೋಹದ ಮೇಲೂ ಒಂದು ಧೂಳಿನ ಕಣ ಕುಳಿತರೆ ಅಲ್ಲಿಂದ ಬೇಡದ ಎಲೆಕ್ಟ್ರಾನುಗಳು ಸೋರತೊಡಗುತ್ತವೆ.

ಅಮೆರಿಕದ ವರ್ಜೀನಿಯಾದ ಜೆಫರ್ಸನ್ ಲ್ಯಾಬ್ ಎಂಬ ಕಣವೇಗವರ್ಧಕ ಪ್ರಯೋಗಾಲಯದ ಗನ್ನಿನಲ್ಲಿ ಇನ್ಸುಲೇಟರ್ ಆಗಿರುವ ಸೆರಾಮಿಕ್ ಶಂಕು ಪಾತ್ರೆಯ ಒಳಕ್ಕೇ ಚಾಚಿಕೊಂಡಿದೆ, ಎಲೆಕ್ಟ್ರೋಡ್ ಅದರ ತುದಿಗೆ ಅಂಟಿಕೊಂಡಿದೆ. ಹೀಗಾಗಿ ಹೆಚ್ಚಿನ ವೋಲ್ಟೇಜಿಗೆ ತೆರೆದುಕೊಳ್ಳುವ ಲೋಹದ ಮೈ ಕಡಿಮೆ. ಆದರೆ ಲೋಹ, ಸೆರಾಮಿಕ್, ನಿರ್ವಾತ ಮೂರೂ ಕೂಡುವ ಟ್ರಿಪಲ್ ಜಂಕ್ಷನ್ ಈಗ ಪಾತ್ರೆಯ ಒಳಗೇ ಬಂದು ಕೂತಿತು. ಈ ಸೆರಾಮಿಕ್ ಆದ ಅಲ್ಯೂಮಿನಾದ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಸ್ತು ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಅಳತೆ) 9ರ ಆಸುಪಾಸಿನಲ್ಲಿರುವುದರಿಂದ, ಆ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಕ್ಷೇತ್ರವೆಲ್ಲ ಅದರೊಳಗೆ ಒತ್ತರಿಸಿಕೊಳ್ಳುತ್ತದೆ. ಅಲ್ಲಿ ಹುಟ್ಟಿದ ಎಲೆಕ್ಟ್ರಾನುಗಳು ಸೆರಾಮಿಕ್‌ಗೆ ಬಡಿದು ಇನ್ನಷ್ಟನ್ನು ಎಬ್ಬಿಸುತ್ತ ಸಾಗಿ, ಕೊನೆಗೆ ಮೇಲ್ಮೈಯುದ್ದಕ್ಕೂ ಕಿಡಿ ಹಾರುತ್ತದೆ. ಆ ಮೂಲೆಯನ್ನು ಮರೆಮಾಡಲು ಎಲೆಕ್ಟ್ರೋಡಿಗೆ ಅಂಚು ಮಡಿಸಿದ ಬಟ್ಟಲಿನಂಥ ಲೋಹದ ಕವಚ ತೊಡಿಸುತ್ತಾರೆ. ಜಪಾನಿನ 500 ಕಿಲೋವೋಲ್ಟ್ ಗನ್ನಿನಲ್ಲಿ ಹಿಡಿದ ದಾರಿ ಬೇರೆ: ಇನ್ಸುಲೇಟರನ್ನೇ ಹಲವು ತುಂಡು ಮಾಡಿ, ನಡುನಡುವೆ ಲೋಹದ ಬಳೆಗಳನ್ನು ಕೂರಿಸಿದ್ದಾರೆ.

ಕವಚಕ್ಕೂ ತೆರಬೇಕಾದ ಬೆಲೆಯಿದೆ. ಇನ್ಸುಲೇಟರ್ ಒಂದೇ ಬದಿಯಿಂದ ಬರುವುದರಿಂದ ಕ್ಷೇತ್ರದ ಸಮಮಿತಿ ಮೊದಲೇ ಕೆಟ್ಟಿರುತ್ತದೆ. ಕವಚ ಅದನ್ನು ಇನ್ನೊಂದಿಷ್ಟು ಬಾಗಿಸುತ್ತದೆ, ಕಿರಣ ತನ್ನನ್ನು ಸೆಳೆಯುವ ಎದುರಿನ ಎಲೆಕ್ಟ್ರೋಡನ್ನು, ಅಂದರೆ ಆನೋಡನ್ನು, ತಲುಪುವ ಮುನ್ನವೇ ಅಡ್ಡಕ್ಕೆ ಸರಿಯುತ್ತದೆ. ಆಗ ನಕ್ಷೆಗೆ ಮರಳಿ, ಆನೋಡಿನ ನಡುಬಿಂದುವನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ಪಕ್ಕಕ್ಕೆ ಸರಿಸುತ್ತ ಕ್ಷೇತ್ರವನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ.