55 ಅಡಿ ಉದ್ದ, ಹತ್ತೂವರೆ ಅಡಿ ಅಗಲ: ನಮ್ಮ ರಿಟೈರ್ಮೆಂಟ್ ಬೋಟು

ರಿಟೈರ್ ಆದ್ಮೇಲೆ ಇಲ್ಲಿ ಇಂಗ್ಲೆಂಡಿನ ಕೆನಾಲ್ ಮೇಲೆ ಬೋಟಲ್ಲೇ ಇರ್ತೀವಿ, ಅದಕ್ಕೇ ಅಂತ ಒಂದು ಬೋಟು ಕಟ್ಟಿಸ್ತಾ ಇದೀವಿ ಅಂತ ಹೇಳಿದಾಗಿಂದ ಪ್ರಶ್ನೆ ಮೇಲೆ ಪ್ರಶ್ನೆ. ಸಾಗರದಲ್ಲಿರೋ ಅಮ್ಮ ಫೋನಲ್ಲಿ "ಅಲ್ವೇ, ಹೊಳೆಬಾಗಿಲು ಲಾಂಚಲ್ಲಿ ಸಂಸಾರ ಹೂಡ್ತೀಯೇನೆ" ಅಂದ್ರು. ಲೀಡ್ಸ್ ಕಡೆಯ ನಮ್ಮ ಕನ್ನಡದ ಫ್ರೆಂಡ್ಸ್ ಎಲ್ಲ ಅಡುಗೆಮನೆ ಹೇಗಿರತ್ತೆ, ಬೆಡ್‌ರೂಮ್ ಎಷ್ಟು ದೊಡ್ಡದು, ಚಳಿ ಆಗಲ್ವಾ ಅಂತ ಕೇಳ್ತಾರೆ. ಇದೆಲ್ಲ ಬರೆಯೋಣ ಅಂತಲೇ ಕೂತಿದೀನಿ, ಆದ್ರೆ ಇವೆಲ್ಲಕ್ಕಿಂತ ಮೊದಲು ತೀರ್ಮಾನ ಆಗಬೇಕಾಗಿದ್ದು ಬೋಟಿನ ಅಗಲ. ಈ ದೇಶದಲ್ಲಿ ನಿಮ್ಮ ಬೋಟಿನ ಅಗಲ ಗೊತ್ತಾದ್ರೆ ನೀವು ಎಲ್ಲೆಲ್ಲಿಗೆ ಹೋಗಬಹುದು ಅನ್ನೋದೂ ಗೊತ್ತಾದ ಹಾಗೆ.

ಯಾಕೆ ಅಂದ್ರೆ ಲಾಕುಗಳು. ಕಾಲುವೆ ಗುಡ್ಡ ಹತ್ತಬೇಕಾದ ಕಡೆ ಎರಡು ಗೇಟಿನ ಮಧ್ಯೆ ಬೋಟು ನಿಲ್ಲಿಸಿ ನೀರು ತುಂಬಿಸಿ ಮೇಲೆತ್ತೋದು, ನೀರು ಬಿಟ್ಟು ಕೆಳಗಿಳಿಸೋದು, ಅದೇ ಲಾಕು. ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನೋ ಎಂಜಿನಿಯರ್ ಟ್ರೆಂಟ್ ಅಂಡ್ ಮರ್ಸಿ ಕೆನಾಲಿಗೆ ಸುಮಾರು 7 ಅಡಿ ಅಗಲದ ಲಾಕು ಅಂತ ಗೊತ್ತು ಮಾಡಿದ, ಅಗಲ ಜಾಸ್ತಿ ಆದಷ್ಟೂ ನೀರು ಜಾಸ್ತಿ ಬೇಕು, ಗುಡ್ಡದೊಳಗೆ ಸುರಂಗ ಕೊರೆಯೋ ಖರ್ಚೂ ಜಾಸ್ತಿ. ಅದೇ ಅಳತೆ ಮಧ್ಯ ಇಂಗ್ಲೆಂಡಿನ ಬಹುಪಾಲು ಕಾಲುವೆಗಳಲ್ಲಿ ಉಳ್ಕೊಂಡ್ತು. ಅದಕ್ಕೇ ಇಲ್ಲಿನ ನ್ಯಾರೋಬೋಟು ಅನ್ನೋ ಕಿರಿದಾದ ಬೋಟಿನ ಅಗಲ 6 ಅಡಿ 10 ಇಂಚು. ಅದಕ್ಕಿಂತ ಅಗಲ ಮಾಡಿಸಿದ್ರೆ ಮಧ್ಯ ಇಂಗ್ಲೆಂಡ್ ಕಾಲುವೆಗಳ ಬಾಗಿಲು ಮುಚ್ಚಿತು ಅಂತಲೇ. ದಕ್ಷಿಣದಲ್ಲಿ ಗ್ರ್ಯಾಂಡ್ ಯೂನಿಯನ್, ಕೆನೆಟ್ ಅಂಡ್ ಏವನ್ ಅಂತ ಅಗಲದ ಕಾಲುವೆಗಳಿವೆ, ಉತ್ತರದಲ್ಲಿ ನಮ್ಮ ಕಡೆಯವು ಇವೆ, ಎರಡನ್ನೂ ಜೋಡಿಸೋದು ಮಾತ್ರ ಆ 7 ಅಡಿಯ ಲಾಕುಗಳು. ಅಗಲದ ಬೋಟು ಅಲ್ಲಿಂದ ಇಲ್ಲಿಗೆ ಬರಬೇಕು ಅಂದ್ರೆ ಕ್ರೇನಲ್ಲಿ ಎತ್ತಿ ಲಾರಿ ಮೇಲೆ ಇಟ್ಟು ತರಬೇಕು.

ನಮ್ಮನೆಯವರಿಗೆ ನ್ಯಾರೋಬೋಟೇ ಇಷ್ಟ ಇತ್ತು. ವೇಲ್ಸಿನ ಪಾಂಟ್‌ಕಸಲ್ಟೆ ಮೇಲ್ಗಾಲುವೆ, ಡೀ ನದಿ ಮೇಲೆ 126 ಅಡಿ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯೊಳಗೆ ಬೋಟು ಹೋಗತ್ತಲ್ಲ, 1805ರಲ್ಲಿ ಶುರುವಾಗಿದ್ದು, ಅದರ ಮೇಲೆ ನಮ್ಮ ಸ್ವಂತ ಬೋಟಲ್ಲಿ ಹೋಗಬೇಕು ಅಂತ ಅವರ ಆಸೆ. ನಾನು ವರ್ಷಗಟ್ಟಲೆ ವಯಸ್ಸಾದವರ ವಾರ್ಡಲ್ಲಿ ನರ್ಸ್ ಆಗಿ ಕೆಲಸ ಮಾಡಿದೋಳು. ಜನ ಮನೆಯಲ್ಲಿ ಎಲ್ಲಿ ಬೀಳ್ತಾರೆ, ಹೇಗೆ ಬೀಳ್ತಾರೆ, ಬಿದ್ದ ಮೇಲೆ ಯಾರ ಕೈಗೂ ಸಿಗದೆ ಎಷ್ಟು ಹೊತ್ತು ನೆಲದ ಮೇಲೇ ಇರ್ತಾರೆ ಅನ್ನೋದನ್ನ ಅವರ ಬಾಯಿಂದಲೇ ಕೇಳಿದೀನಿ. ಗೋಡೆ, ಇನ್ಸುಲೇಶನ್ ಎಲ್ಲ ಕಳೆದ್ರೆ ನ್ಯಾರೋಬೋಟಿನ ಒಳಗೆ 6 ಅಡಿ ಆಸುಪಾಸು ಉಳಿಯತ್ತೆ, ಅದರಲ್ಲಿ ಮಂಚದ ಪಕ್ಕ ಒಬ್ಬರು ಓಡಾಡೋದೇ ಕಷ್ಟ. ನಮಗೆ ಬೇಕಾಗಿರೋದು ಇವತ್ತಿನ ನಮಗಲ್ಲ, ಎಪ್ಪತ್ತೈದು ವರ್ಷದ ನಮಗೆ ಒಗ್ಗೋ ಬೋಟು ಅಂತ ನಾನು ಪಟ್ಟು ಹಿಡಿದೆ. ಪಾಂಟ್‌ಕಸಲ್ಟೆಗೆ ವಾರದ ಬಾಡಿಗೆ ಬೋಟಲ್ಲಿ ಹೋಗೋದು ಅಂತ ಒಪ್ಪಂದ ಆಯ್ತು.

ಹಾಗಾಗಿ ನಮ್ಮ ಲೋಕ ಅಂದ್ರೆ ಉತ್ತರದ ಅಗಲದ ಕಾಲುವೆಗಳು, ಅದೇನು ಸಣ್ಣ ಲೋಕ ಅಲ್ಲ. ಲೀಡ್ಸ್ ಅಂಡ್ ಲಿವರ್‌ಪೂಲ್ ಒಂದೇ 127 ಮೈಲಿ. 1770ರಲ್ಲಿ ಕೆಲಸ ಶುರುವಾಗಿ ಮುಗಿದಿದ್ದು 1816ರಲ್ಲಿ, ಕಲ್ಲಿದ್ದಲು ಸುಣ್ಣದಕಲ್ಲು ಉಣ್ಣೆ ಎಲ್ಲ ಸಾಗಿಸ್ತಿದ್ದ ದಾರಿ. ಬಿಂಗ್ಲಿ ಹತ್ರ ಐದು ಲಾಕು ಒಂದಕ್ಕೊಂದು ಅಂಟಿಕೊಂಡು ಗುಡ್ಡ ಹತ್ತತ್ತೆ, 1774ರದ್ದು, ಇವತ್ತಿಗೂ ಕೆಲಸ ಮಾಡ್ತಿದೆ, ಅಲ್ಲಿ ಲಾಕ್ ಕೀಪರ್‌ಗಳು ನಿಂತು ಸಹಾಯ ಮಾಡ್ತಾರೆ. ರಾಚ್‌ಡೇಲ್ ಕೆನಾಲ್ ಬಹುಪಾಲು ಮುಚ್ಚಿಹೋಗಿದ್ದು 2002ರಲ್ಲಿ ಮತ್ತೆ ಈ ತುದಿಯಿಂದ ಆ ತುದಿಗೆ ತೆರೀತು. ಅದರ ಸೋವರ್ಬಿ ಬ್ರಿಜ್ ಕಡೆಯ ಟ್ಯೂಯಲ್ ಲೇನ್ ಲಾಕು ಸುಮಾರು 20 ಅಡಿ ಆಳ, ಒಳಗೆ ಇಳಿದಾಗ ಬಾವಿಯಲ್ಲಿ ಕೂತ ಹಾಗೆ.

ಅಗಲ ಆಯ್ತು, ಉದ್ದ? ಲೀಡ್ಸ್ ಲಿವರ್‌ಪೂಲಿನ ಲಾಕು 62 ಅಡಿ, ಆದ್ರೆ ಪಕ್ಕದ ಕಾಲ್ಡರ್ ಅಂಡ್ ಹೆಬಲ್ ನಾವಿಗೇಶನ್ ಅನ್ನೋ ಜಲಮಾರ್ಗದಲ್ಲಿ 57 ಅಡಿ 6 ಇಂಚು ಅಷ್ಟೇ. ಎರಡರಲ್ಲೂ ನಿರಾತಂಕವಾಗಿ ಹೋಗಬೇಕು, ಮುಂದೆ ಹಿಂದೆ ಒಂದಿಷ್ಟು ಜಾಗ ಇರಬೇಕು ಅಂತ 55 ಅಡಿ, 10 ಅಡಿ 6 ಇಂಚು ಅಂತ ನಿಲ್ಲಿಸಿದ್ವಿ. ಲಾಕಲ್ಲಿ ಕೆಳಗೆ ಇಳಿಯೋವಾಗ ಮೇಲ್ಗಡೆ ಗೇಟಿನ ಕೆಳಗೆ ನೀರೊಳಗೊಂದು ಕಟ್ಟೆ ಇರತ್ತೆ, ಸಿಲ್ ಅಂತಾರೆ, ಬೋಟಿನ ಹಿಂಭಾಗ ಅದರ ಮೇಲೆ ಕೂತ್ಕೊಂಡ್ರೆ ನೀರು ಇಳಿದ ಹಾಗೆ ಬೋಟು ವಾಲಿ ಮುಳುಗತ್ತೆ. ಉದ್ದ ಕಡಿಮೆ ಇದ್ದಷ್ಟೂ ಆ ಕಟ್ಟೆಯಿಂದ ದೂರ ಇರೋಕೆ ಜಾಗ. ಆ ಎರಡು ಮೂರು ಅಡಿಗೋಸ್ಕರ ಒಳಗಡೆ ಒಂದು ಬೀರು ಬಿಟ್ಟುಕೊಟ್ವಿ, ನನಗೆ ಅದರ ಬಗ್ಗೆ ಎರಡನೇ ಯೋಚನೆ ಇಲ್ಲ.

ಉಕ್ಕು 10, 6, 4, ಅಂದ್ರೆ ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕ್ಯಾಬಿನ್ 4, ಇಲ್ಲಿ ಮಾಮೂಲಿ ಅಳತೆ. ತಳಕ್ಕೆ ಬಳಿಯೋ ಕಪ್ಪು ಕೋಟಿಂಗ್‌ನಲ್ಲಿ ಎರಡು ಥರ, ಸಾದಾ ಬಿಟುಮೆನ್ ಆದ್ರೆ ಎರಡು ಮೂರು ವರ್ಷಕ್ಕೊಮ್ಮೆ ಬೋಟನ್ನ ನೀರಿಂದ ಎತ್ತಿ ಮತ್ತೆ ಬಳಿಬೇಕು, ಎಪಾಕ್ಸಿ ದುಬಾರಿ ಆದ್ರೂ ಅದಕ್ಕಿಂತ ಜಾಸ್ತಿ ಬಾಳಿಕೆ. ನಾವು ಎಪಾಕ್ಸಿ ಹೇಳಿದೀವಿ, ಹೊಸ ಉಕ್ಕಿಗೆ ಮೊದಲ ಸಲವೇ ಮರಳು ಹೊಡೆದು ಶುದ್ಧ ಮಾಡಿ ಬಳಿದ್ರೆ ಚೆನ್ನಾಗಿ ಹಿಡಿಯತ್ತೆ, ಆಮೇಲೆ ಮಾಡೋದು ಡಬಲ್ ಕೆಲಸ.

ಈಗ ಒಳಗಡೆ. ಮಂಚಕ್ಕೆ ಎರಡೂ ಕಡೆ ಓಡಾಡೋ ಜಾಗ ಇದೆ, ಒಬ್ಬರು ಹುಷಾರಿಲ್ಲದೆ ಮಲಗಿದ್ರೆ ಇನ್ನೊಬ್ಬರು ಎರಡೂ ಪಕ್ಕದಿಂದ ಹಿಡಿದು ಎಬ್ಬಿಸೋ ಹಾಗಿರಬೇಕು. ಬಾತ್‌ರೂಮಿನ ಬಾಗಿಲು ಹೊರಗಡೆಗೆ ತೆರೆಯತ್ತೆ. ಇದನ್ನ ಬೋಟಿಗೆ ಅಂತಲ್ಲ, ಮನೆ ಕಟ್ಟಿಸೋ ಎಲ್ಲರಿಗೂ ಹೇಳ್ತೀನಿ, ಒಳಗಡೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದಿರ್ತಾರೆ, ಒಳಗೆ ತೆರೆಯೋ ಬಾಗಿಲಾದ್ರೆ ಅವರ ಹತ್ರ ಹೋಗೋಕೇ ಆಗಲ್ಲ. ಚುಕ್ಕಾಣಿ ಹಿಡಿಯೋ ಜಾಗಕ್ಕೆ ಡಚ್ ಬಾರ್ಜ್‌ಗಳ ಥರ ಗಾಜಿನ ವೀಲ್‌ಹೌಸು, ಯಾರ್ಕ್‌ಷೈರ್ ಮಳೆಯಲ್ಲಿ ನಿಂತು ನೆನೀತಾ ಬೋಟು ನಡೆಸೋ ಬದಲು ಕುರ್ಚಿ ಮೇಲೆ ಕೂತು ನಡೆಸಬಹುದು. ರಾಚ್‌ಡೇಲ್‌ನ ತಗ್ಗು ಸೇತುವೆಗಳ ಕೆಳಗೆ ಹೋಗೋವಾಗ ಅದರ ಮೇಲ್ಭಾಗ ಮಡಚಿ ಇಳಿಸಬೇಕು. ವೀಲ್‌ಹೌಸ್ ಎಂಜಿನ್ ಮೇಲೆ ಕೂರೋದ್ರಿಂದ ಅಲ್ಲಿಂದ ಮನೆಯೊಳಗೆ ಮೆಟ್ಟಿಲಿಳಿಬೇಕು, ಬೋಟು ಕಟ್ಟೋ ಯಾರ್ಡಿನವರು ಕಡಿದಾದ ಏಣಿ ಥರದ್ದು ಬರೆದಿದ್ರು. ನಾನು ಒಪ್ಪಲಿಲ್ಲ. ಈಗ ಅಗಲವಾದ, ಕಡಿಮೆ ಎತ್ತರದ ಮೆಟ್ಟಿಲು, ಎರಡೂ ಕಡೆ ಹಿಡ್ಕೊಳ್ಳೋಕೆ ಹಿಡಿ. ಅಡುಗೆಮನೆ ಅದರ ಬುಡದಲ್ಲೇ, ಚುಕ್ಕಾಣಿಯಲ್ಲಿರೋರಿಗೆ ಅಲ್ಲಿಂದಲೇ ಕಾಫಿ ಲೋಟ ಮೇಲೆ ಕೊಡಬಹುದು.

ನಮ್ಮ ಅಡುಗೆ ಅಂದ್ರೆ ಹಬೆ. ಕುಕ್ಕರ್, ಇಡ್ಲಿ, ಕುದಿಯೋ ಸಾರು, ಇದೆಲ್ಲ ಉಕ್ಕಿನ ಡಬ್ಬದೊಳಗೆ ಚಳಿಗಾಲದಲ್ಲಿ ನಡೆದ್ರೆ ಆ ತೇವ ಎಲ್ಲ ಕಿಟಕಿ ಮೇಲೆ, ಬೀರುವಿನ ಹಿಂದೆ ನೀರಾಗಿ ಇಳಿದು ಬೂಷ್ಟು ಹಿಡಿಯತ್ತೆ. ಅದಕ್ಕೇ ಇನ್ಸುಲೇಶನ್‌ಗೆ ಉಕ್ಕಿಗೆ ನೇರವಾಗಿ ಅಂಟೋ ಸ್ಪ್ರೇ ಫೋಮ್, ಡಬಲ್ ಗಾಜಿನ ಕಿಟಕಿ, ಒಲೆ ಮೇಲೆ ಹೊರಗೆ ಹೋಗೋ ಫ್ಯಾನು, ಈ ಮೂರರಲ್ಲಿ ಒಂದು ಪೌಂಡೂ ಉಳಿಸಬೇಡಿ. ಗ್ಯಾಸು ಪ್ರೊಪೇನ್, ಯಾಕೆ ಅಂದ್ರೆ ಬ್ಯೂಟೇನ್ ಚಳಿಗೆ ಆವಿಯಾಗಲ್ಲ. 13 ಕೆಜಿಯ ಎರಡು ಸಿಲಿಂಡರ್ ಬೋಟಿನ ಮೂತಿಯಲ್ಲಿ ಪ್ರತ್ಯೇಕ ಲಾಕರಲ್ಲಿ ಇರತ್ತೆ, ಅದರ ತಳದ ತೂತು ಹೊರಗಡೆಗೆ, ಗ್ಯಾಸು ಗಾಳಿಗಿಂತ ಭಾರ ಅಲ್ವಾ, ಸೋರಿದ್ರೆ ಬೋಟಿನೊಳಗೆ ತುಂಬದೆ ಆಚೆ ಹೋಗಬೇಕು. ಮಿಕ್ಸಿ, ಗ್ರೈಂಡರ್ ಎರಡೂ ಲಿಥಿಯಂ ಬ್ಯಾಟರಿ, ಇನ್ವರ್ಟರ್ ಮೇಲೆ ಓಡತ್ತೆ, ಬೇಸಿಗೆಯಲ್ಲಿ ಸೋಲಾರ್ ಧಾರಾಳ, ಚಳಿಗಾಲದಲ್ಲಿ ಈ ಅಕ್ಷಾಂಶದಲ್ಲಿ ಸೋಲಾರ್ ನಂಬ್ಕೊಂಡು ಕೂರೋ ಹಾಗಿಲ್ಲ, ಎಂಜಿನ್ ಓಡಿಸಬೇಕು ಇಲ್ಲ ಮರೀನಾದ (ಬೋಟು ನಿಲ್ಲಿಸೋ ಬಂದರಿನ) ಕರೆಂಟಿಗೆ ಹಾಕಬೇಕು. ಸಿಂಕಿನ ನೀರು ನೇರ ಕಾಲುವೆಗೆ ಹೋಗೋದ್ರಿಂದ ಎಣ್ಣೆ ಜಿಡ್ಡಿನ ಬಾಣಲೆಯನ್ನ ಮೊದಲು ಪೇಪರಲ್ಲಿ ಒರೆಸಿಯೇ ತೊಳೆಯೋದು ಅಂತ ಈಗಿಂದಲೇ ಮನೆಯಲ್ಲಿ ಅಭ್ಯಾಸ ಮಾಡ್ತಿದೀವಿ.

ಟಾಯ್ಲೆಟ್ ಬಗ್ಗೆ ಸಂಕೋಚ ಇಲ್ಲದೆ ಬರೀತೀನಿ, ಯಾಕೆ ಅಂದ್ರೆ ಇಲ್ಲಿನ ಬೋಟಿನವರು ಕೊಡೋ ಸಲಹೆ ನಮಗೆ ಸರಿಹೊಂದಲ್ಲ. ಈಗ ಎಲ್ಲರೂ ಹೊಗಳೋದು ಒಣ ಟಾಯ್ಲೆಟ್, ಘನ ದ್ರವ ಬೇರೆ ಬೇರೆ ಮಾಡಿ ಗೊಬ್ಬರ ಮಾಡೋದು. ನೀರಲ್ಲಿ ತೊಳ್ಕೊಳ್ಳೋ ನಮ್ಮಂಥವರಿಗೆ ಅದು ಆಗಲ್ಲ, ನೀರು ಬಿದ್ದ ತಕ್ಷಣ ಅದರ ಕೆಲಸವೇ ಕೆಡತ್ತೆ. ಕ್ಯಾಸೆಟ್ ಡಬ್ಬ ಅಂದ್ರೆ 20 ಲೀಟರ್ ಆಸುಪಾಸು, ನಮ್ಮ ನೀರಿನ ಬಳಕೆಗೆ ಬೇಗ ತುಂಬತ್ತೆ, ಮಂಡಿ ನೋವಿರೋರು ಅದನ್ನ ಹೊತ್ತು ಖಾಲಿ ಮಾಡೋ ಜಾಗದ ತನಕ ನಡೀಬೇಕು. ಅದಕ್ಕೇ ದೊಡ್ಡ ಟ್ಯಾಂಕು, ಮರೀನಾಗೆ ಹೋದಾಗ ಪಂಪ್ ಹಾಕಿ ಖಾಲಿ ಮಾಡ್ತಾರೆ. ಜೊತೆಗೊಂದು ಕ್ಯಾಸೆಟ್ಟೂ ಇಟ್ಕೊಂಡಿದೀವಿ, ಕಾಲುವೆ ಮಂಜುಗಟ್ಟಿದ್ರೆ ಬೋಟು ಪಂಪಿನ ತನಕ ಹೋಗಲ್ಲ, ಆವಾಗ ಅದೇ ಗತಿ.

ದೇವರ ಗೂಡು ಯಾವ ದಿಕ್ಕಿಗೆ ಅಂತ ಅಮ್ಮ ಕೇಳಿದ್ರು. ಕಾಲುವೆ ತಿರುಗಿದ ಹಾಗೆ ಬೋಟು ತಿರುಗತ್ತೆ, ಬೆಳಿಗ್ಗೆ ಪೂರ್ವಕ್ಕಿದ್ದಿದ್ದು ಮಧ್ಯಾಹ್ನ ಉತ್ತರಕ್ಕೆ. ಕೊನೆಗೆ ಅವರೇ "ಅಲುಗಾಡದ ಜಾಗ ನೋಡಿ ಇಡು, ದೀಪ ಬೀಳಬಾರದು" ಅಂದ್ರು. ಅಡುಗೆಮನೆ ಗೋಡೆಗೆ ಹೊಂದಿಸಿದ ಗೂಡು, ಹಿಂದೆ ಸ್ಟೀಲ್ ತಗಡು, ದೀಪಕ್ಕೆ ಕುಳಿ ಇರೋ ಹಲಗೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತೂ 2019ರಿಂದ ಇಲ್ಲಿ ಮನೆಬೋಟುಗಳಿಗೆ ಕಡ್ಡಾಯ, ನಾವು ಮಲಗೋ ಜಾಗಕ್ಕೊಂದು ಒಲೆ ಹತ್ರ ಒಂದು ಹೇಳಿದೀವಿ.

ದುಡ್ಡಿನ ವಿಷಯ ಚುಟುಕಾಗಿ. ಮನೆಗೆ ಸಿಗೋ ಥರ ಹೋಮ್ ಲೋನ್ ಬೋಟಿಗೆ ಸಿಗಲ್ಲ, ಮನೆ ಬೆಲೆ ಏರೋ ಹಾಗೆ ಬೋಟಿನ ಬೆಲೆ ಏರತ್ತೆ ಅಂತ ಲೆಕ್ಕ ಹಾಕೋ ಹಾಗೂ ಇಲ್ಲ. ಕಟ್ಟೋ ಯಾರ್ಡು ಮಧ್ಯದಲ್ಲೇ ದಿವಾಳಿ ಆದ್ರೆ ಕೊಟ್ಟ ದುಡ್ಡು ಹೋಯ್ತು, ಹಾಗೆ ಕಳ್ಕೊಂಡವರು ಇದಾರೆ. ಅದಕ್ಕೇ ಹಂತ ಹಂತವಾಗಿ ದುಡ್ಡು, ಪ್ರತಿ ಹಂತಕ್ಕೂ ಅಷ್ಟು ಭಾಗದ ಉಕ್ಕು, ಎಂಜಿನ್ ನಮ್ಮ ಹೆಸರಿಗೆ ಅಂತ ಕರಾರಲ್ಲಿ ಬರೆಸಿ, ನಮ್ಮದೇ ಸರ್ವೇಯರ್ ಬಂದು ನೋಡಿ ಸರಿ ಅಂದ ಮೇಲೇ ಚೆಕ್ಕು. ಮನೆ ಮಾರಿಲ್ಲ, ಬಾಡಿಗೆಗೆ ಕೊಡ್ತೀವಿ. ಕೈಕಾಲು ಸೋತ ದಿನ ನೆಲಕ್ಕೆ ಬರೋಕೆ ಒಂದು ಬಾಗಿಲು ಬೇಕು.

ನಿಲ್ಲಿಸೋ ಜಾಗ ಇನ್ನೊಂದು ದೊಡ್ಡ ತಲೆನೋವು. ಕಾಲುವೆ ನೋಡ್ಕೊಳ್ಳೋದು ಕೆನಾಲ್ ಅಂಡ್ ರಿವರ್ ಟ್ರಸ್ಟ್, 2012ರಲ್ಲಿ ಬ್ರಿಟಿಷ್ ವಾಟರ್‌ವೇಸ್ ಕೈಯಿಂದ ತಗೊಂಡಿದ್ದು. ಖಾಯಂ ಜಾಗ ಇಲ್ಲದೆ ತಿರುಗ್ತಾ ಇರೋರು ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲೋ ಹಾಗಿಲ್ಲ, 1995ರ ಕಾಯ್ದೆ ಅದು, ಅವರಿಗೆ ಲೈಸೆನ್ಸ್ ಫೀಸೂ ಜಾಸ್ತಿ, ಅಗಲದ ಬೋಟಿಗೆ ಇನ್ನೂ ಜಾಸ್ತಿ. ಬಿಸಿಲುಗಾಲದಲ್ಲಿ ತಿರುಗಾಟ, ಚಳಿಗಾಲದಲ್ಲಿ ಮರೀನಾ ಅಂತ ನಮ್ಮ ಪ್ಲಾನು, ಆದ್ರೆ ವಾಸಕ್ಕೆ ಪರ್ಮಿಷನ್ ಇರೋ ಮೂರಿಂಗ್, ಅಂದ್ರೆ ಬೋಟು ಕಟ್ಟಿ ನಿಲ್ಲಿಸೋ ಜಾಗ, ಕಡಿಮೆ, ಹೆಸರು ಬರೆಸಿ ಕಾಯ್ತಾ ಇದೀವಿ. ಬಿಸಿಲುಗಾಲದ ಪ್ಲಾನಿಗೂ ಗ್ಯಾರಂಟಿ ಇಲ್ಲ, 2025ರಲ್ಲಿ ಮಳೆ ಇಲ್ಲದೆ ರಿಸರ್ವಾಯರ್ ಬತ್ತಿ ಲೀಡ್ಸ್ ಲಿವರ್‌ಪೂಲಿನ ಲಾಕುಗಳನ್ನ ತಿಂಗಳುಗಟ್ಟಲೆ ಮುಚ್ಚಿದ್ರು, ಬೋಟುಗಳು ಇದ್ದಲ್ಲೇ ನಿಂತವು.

ಮೈ ಬಲದ ಲೆಕ್ಕವೂ ಹಾಕಿದೀವಿ. ಲಾಕಿನ ಗೇಟು ಬೆನ್ನು ಕೊಟ್ಟು ನೂಕಬೇಕು, ನಮ್ಮ ಕಡೆ ತಿರುಗೋ ಸೇತುವೆಗಳೂ ಜಾಸ್ತಿ, ಕೆಲವು ಬಟನ್ ಒತ್ತಿದ್ರೆ ತಿರುಗತ್ತೆ, ಕೆಲವನ್ನ ನಾವೇ ತಳ್ಳಬೇಕು. ಕಾಲ್ಡರ್ ಅಂಡ್ ಹೆಬಲ್‌ನಲ್ಲಿ ಕೆಲವು ಲಾಕಿಗೆ ಇವತ್ತಿಗೂ ಮರದ ದೊಣ್ಣೆ ಸಿಕ್ಕಿಸಿ ಮೀಟಬೇಕು. ಅದಕ್ಕೆ ಮೂತಿಯಲ್ಲಿ ಬೋ ಥ್ರಸ್ಟರ್, ಅಂದ್ರೆ ಮೂತಿಯನ್ನ ಎಡಕ್ಕೆ ಬಲಕ್ಕೆ ತಳ್ಳೋ ಪುಟ್ಟ ಪ್ರೊಪೆಲ್ಲರ್, ಹಾಕಿಸಿದೀವಿ, ಒಬ್ಬರು ದಡದಲ್ಲಿ ಲಾಕು ನೋಡ್ಕೊಂಡ್ರೆ ಇನ್ನೊಬ್ಬರು ಗಾಳಿಯಲ್ಲೂ ಬೋಟನ್ನ ಹಗ್ಗ ಇಲ್ಲದೆ ಹಿಡಿತದಲ್ಲಿ ಇಟ್ಕೋಬಹುದು. ಇಬ್ಬರೂ ಎರಡೂ ಕೆಲಸ ಕಲೀಬೇಕು ಅನ್ನೋದು ನನ್ನ ಷರತ್ತು. ಇಲ್ಲಿ ತುಂಬ ಜೋಡಿಗಳಲ್ಲಿ ಗಂಡ ಚುಕ್ಕಾಣಿ, ಹೆಂಡತಿ ಗೇಟು. ಗಂಡನಿಗೆ ಹುಷಾರು ತಪ್ಪಿದ್ರೆ ಬೋಟು ಅಲ್ಲೇ ನಿಂತುಬಿಡತ್ತೆ.

ಉಕ್ಕಿನ ಕೆಲಸ ಮುಗೀತಾ ಬಂತು. ಮುಂದಿನ ವಾರ ಫೋಮ್ ಹೊಡೀತಾರೆ. ಒಮ್ಮೆ ಹೊಡೆದು ಮೇಲೆ ಪ್ಲೈವುಡ್ ಕೂತ ಮೇಲೆ ಹಿಡಿಗಳನ್ನ ಗಟ್ಟಿಯಾಗಿ ಕೂರಿಸೋಕೆ ಹಿಂದೆ ಏನೂ ಇರಲ್ಲ, ಆದ್ದರಿಂದ ಹಿಡಿ ಬರೋ ಜಾಗಕ್ಕೆಲ್ಲ ಈಗಲೇ ಮರದ ತುಂಡು ಕೂರಿಸಬೇಕು. ಶನಿವಾರ ಇಬ್ಬರೂ ಸೀಮೆಸುಣ್ಣ ತಗೊಂಡು ಯಾರ್ಡಿಗೆ ಹೋಗ್ತಿದೀವಿ. ಶವರ್ ಪಕ್ಕ, ಕಮೋಡಿನ ಎರಡೂ ಕಡೆ, ಮೆಟ್ಟಿಲ ತಲೆ ಮತ್ತು ಬುಡ, ಮಂಚದ ಪಕ್ಕ. ಅವರ ಕೈಗೆಷ್ಟು ಎತ್ತರ, ನನ್ನ ಕೈಗೆಷ್ಟು ಎತ್ತರ ಅಂತ ಬೇರೆ ಬೇರೆ ಗುರುತು ಹಾಕಬೇಕು, ಅವರು ನನಗಿಂತ ಒಂದಡಿ ಉದ್ದ ಇದಾರೆ.